ಮೇಲಿನ ಮನೆಯ ನೀರು

"ಬೆಳಿಗ್ಗೆ ಬಿ.ಪಿ. ಮಾತ್ರೆ ನುಂಗಿಲ್ಲ ತಾನೇ, ಯಜಮಾನ್ರೇ?" ಅರಿವಳಿಕೆ ಕೊಡುವ ಡಾಕ್ಟರಮ್ಮ ಮೂರನೆಯ ಸಲ ಕೇಳಿದರು.

"ಇಲ್ಲಮ್ಮ," ಎಂದು ಆಪರೇಷನ್ ಟೇಬಲ್ಲಿನ ಮೇಲೆ ಅಂಗಾತ ಮಲಗಿದ್ದ ನೀರುಗಂಟಿ ಮೂರನೆಯ ಸಲವೂ ಸುಳ್ಳು ಹೇಳಿದ.

ತಿಳಿಯದವನೇನಲ್ಲ. ಮೂವತ್ತೈದು ವರ್ಷ ಬೀದಿ ಬೀದಿಯ ವಾಲ್ವ್ ತಿರುಗಿಸಿ ಮನೆಗಳಿಗೆ ನೀರು ಬಿಟ್ಟ ಆಸಾಮಿ. ಹಿಂದಿನ ದಿನ ಡಾಕ್ಟರಮ್ಮ ಅವನ ಭಾಷೆಯಲ್ಲೇ ಬಿಡಿಸಿ ಹೇಳಿದ್ದರು: "ನಿಮ್ಮ ರಕ್ತನಾಳ ಹಳೇ ಕಬ್ಬಿಣದ ಪೈಪಿನ ಹಾಗೆ ಗಡುಸಾಗಿವೆ. ಎಳೇ ನಾಳ ಆದ್ರೆ ಹಿಗ್ಗಿ ಕುಗ್ಗಿ ಹೇಗೋ ಸರಿದೂಗಿಸ್ಕೊಳ್ಳುತ್ತೆ. ನಿಮ್ಮದಕ್ಕೆ ಅದು ಆಗಲ್ಲ. ನಿದ್ದೆ ಔಷಧಿ ಒಳಗೆ ಹೋದ ಕೂಡಲೇ ಒತ್ತಡ ಇಳಿಯುತ್ತೆ. ಈ ಮಾತ್ರೆನೂ ಸೇರಿದ್ರೆ ದಬಕ್ಕಂತ ಬೀಳುತ್ತೆ. ನಾಳೆ ಬೆಳಿಗ್ಗೆ ಮಾತ್ರ ಇದು ಬೇಡ."

"ಒತ್ತಡ ಬಿದ್ರೆ ಮೊದಲು ನೀರು ನಿಲ್ಲೋದು ಮೇಲಿನ ಮನೆಗೆ," ಎಂದು ಅವನು ನಕ್ಕಿದ್ದ. ಡಾಕ್ಟರಮ್ಮ ನಗದೆ ಅವನ ತಲೆಯತ್ತ ಬೆರಳು ತೋರಿಸಿದ್ದರು.

ಪಕ್ಕದಲ್ಲೇ ಕೂತು ಇದನ್ನೆಲ್ಲ ಕೇಳಿಸಿಕೊಂಡಿದ್ದ ಹೆಂಡತಿ, ಬೆಳಗಾಗುತ್ತಲೇ ಇಪ್ಪತ್ತೆರಡು ವರ್ಷದ ರೂಢಿಯಂತೆ ಸ್ಟ್ರಿಪ್ಪಿನಿಂದ ಮಾತ್ರೆ ಬಿಡಿಸಿ ಅಂಗೈಲಿಟ್ಟು ಗುಟುಕು ನೀರಿನೊಂದಿಗೆ ಚಾಚಿದಳು. ಅವನೂ ರೂಢಿಯಂತೆ ಬಾಯಿಗೆ ಹಾಕಿಕೊಂಡ. ಗಂಟಲಿಂದ ಇಳಿದ ಮೇಲೆ ನೆನಪಾಯಿತು. "ಇಷ್ಟು ಗಡಿಬಿಡೀಲೂ ಮರೀಲಿಲ್ಲ ನೋಡಿ," ಎಂದು ಅವಳು ಬೀಗುತ್ತಿದ್ದಳು. ಆ ಮುಖ ನೋಡಿ ಅವನು ಖಾಲಿ ಲೋಟವನ್ನಷ್ಟೇ ಹಿಂದಕ್ಕೆ ಕೊಟ್ಟ. ಹೇಳಿದರೆ ಪಿತ್ತಕೋಶದ ಆಪರೇಷನ್ ಮೂರನೆಯ ಬಾರಿ ಮುಂದಕ್ಕೆ ಹೋಗುತ್ತಿತ್ತು. ಅದು ಹಾಳಾಗಲಿ, ತನ್ನ ಕೈಯಾರೆ ಹೀಗಾಯಿತಲ್ಲ ಎಂದು ಅವಳು ಕೊರಗಿ ಕೊರಗಿ ಸಾಯುತ್ತಿದ್ದಳು.

ಕೈಯ ನರದೊಳಗೆ ಏನೋ ತಣ್ಣಗೆ ಇಳಿಯಿತು. "ಇದು ಬರೀ ಮಂಪರಿಗೆ. ನಿದ್ದೆಯದು ಆಮೇಲೆ," ಎಂದ ಡಾಕ್ಟರಮ್ಮನ ದನಿ ಎಷ್ಟೋ ದೂರದಿಂದ ಬಂತು. ಮೇಲಿನ ದೀಪಗಳು ಕರಗಿ ಎಳೆಬಿಸಿಲಾದವು. ಅವನು ಕಬ್ಬಿಣದ ಸಲಾಕೆ ಹೆಗಲಿಗೇರಿಸಿ ಖಾಲಿ ಬೀದಿಯಲ್ಲಿ ಹೋಗುತ್ತಿದ್ದ. ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ವಾಲ್ವ್ ತಿರುಗಿಸಿದ. ಕೆಳಗಿನ ಮನೆಗಳಲ್ಲಿ ಕೊಡಗಳು ತುಂಬಿ ತುಳುಕಿದವು. ಮೇಲಿನ ಮನೆಯಲ್ಲಿ ಒಬ್ಬಳು ಒಣ ನಲ್ಲಿಯ ಕೆಳಗೆ ಕೊಡ ಹಿಡಿದು ನಿಂತಿದ್ದಳು. ಬೈಯಲಿಲ್ಲ, ಕೂಗಲಿಲ್ಲ, ಸುಮ್ಮನೆ ಕಾಯುತ್ತಿದ್ದಳು. ಅವನ ಹೆಂಡತಿ. ಇನ್ನೊಂದು ಸುತ್ತು ತಿರುಗಿಸಲು ನೋಡಿದ, ವಾಲ್ವ್ ಆಗಲೇ ಕೊನೆ ಮುಟ್ಟಿತ್ತು. ತಾನು ಹೋದರೆ ಇವಳು ಹೀಗೇ ಕೊಡ ಹಿಡಿದು ನಿಂತುಬಿಡುತ್ತಾಳಲ್ಲ ಎಂದು ಅವನಿಗೆ ಭಯವಾಯಿತು. ಎಲ್ಲೋ ಒಂದು ಬಾಗಿಲು ತೆರೆಯಿತು, ಯಾರೋ ಪಿಸುಗುಟ್ಟಿದರು, ಬಾಗಿಲು ಮುಚ್ಚಿಕೊಂಡಿತು.

"ಡಾಕ್ಟರಮ್ಮಾ," ಅವನು ತೊದಲಿದ, "ಮಾತ್ರೆ ನುಂಗಿಬಿಟ್ಟೆ. ನಾನೇ ಮರೆತು ತಗೊಂಡೆ. ನನ್ನವಳಿಗೆ ಗೊತ್ತಾಗೋದು ಬೇಡ."

"ಆಯ್ತು ಬಿಡಿ. ಒತ್ತಡ ಎತ್ತೋ ಔಷಧಿ ಸಿರಿಂಜಿಗೆ ತುಂಬಿಟ್ಕೊಂಡಿದ್ದೀನಿ." ಮಾಸ್ಕಿನ ಮೇಲೆ ಅವರ ಕಣ್ಣು ನಗುತ್ತಿದ್ದವು. "ಇದನ್ನ ಗುಟ್ಟಾಗಿ ಹೇಳಿದವರಲ್ಲಿ ನೀವು ಎರಡನೆಯವರು."

ಮೊದಲನೆಯವರು ಯಾರು ಎಂದು ಕೇಳಬೇಕೆನ್ನುವಷ್ಟರಲ್ಲಿ ನಿದ್ದೆ ಬಂತು.

ಕಣ್ಣು ಬಿಟ್ಟಾಗ ಹೆಂಡತಿ ಮಂಚದ ಪಕ್ಕ ಕೂತಿದ್ದಳು. ಅತ್ತು ಅತ್ತು ಮುಖ ಊದಿತ್ತು. ಬಲಗೈ ಮುಷ್ಟಿ ಬಿಗಿಯಾಗಿತ್ತು.

"ರೀ, ಡಾಕ್ಟರಮ್ಮ ನಿಮಗೇನಾದ್ರೂ ಹೇಳಿದ್ರಾ?"

"ಇಲ್ವಲ್ಲ. ನಿಂಗೆ?"

"ನಂಗೇನು ಹೇಳ್ತಾರೆ?"

ಅವನು ಆ ಮುಷ್ಟಿಯನ್ನು ತನ್ನ ಕೈಯೊಳಗೆ ತೆಗೆದುಕೊಂಡ. ಬಿಡಿಸಿ ನೋಡಲಿಲ್ಲ. ಒಳಗೆ ಮಾತ್ರೆಯ ಸ್ಟ್ರಿಪ್ ಚರಪರ ಎಂದಿತು.