ದೋಣಿಕಟ್ಟೆಯ ತನಕ

"ಆ ಮಗೂನ ನೀರಿಂದ ಈಚೆ ಕರೀರಿ! ಈಗಲೇ!"

ಉದ್ಯಾನದ ಕಾವಲುಗಾರ ಸೀಟಿ ಊದುತ್ತ ಓಡಿ ಬಂದ. ಕೆರೆಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಹಲ್ಲು ಕಟಕಟಿಸುವ ಚಳಿ. ಒಂಬತ್ತು ವರ್ಷದ ಹುಡುಗಿಯೊಬ್ಬಳು ಬೂಟು, ಕಾಲುಚೀಲ, ಉದ್ದ ಪ್ಯಾಂಟಿನ ಸಮೇತ ಮೀನಖಂಡ ಮುಳುಗುವಷ್ಟು ನೀರಿನಲ್ಲಿ ನಿಂತಿದ್ದಳು. ಅಪ್ಪ ದಡದ ಬೆಂಚಿನ ಮೇಲೆ ಕೂತು ಗಡಿಯಾರ ನೋಡುತ್ತಿದ್ದ.

"ಇನ್ನೂ ಎರಡು ನಿಮಿಷ ಇದೆ," ಎಂದ ಅಪ್ಪ. "ನೀರು ಒಳಗೆ ಹೋಗುತ್ತಾ ನೋಡ್ಬೇಕು."

"ಬೂಟು ಹಾಳಾಗ್ಲಿ, ನೀವು ಅಪ್ಪನೋ ಶತ್ರುವೋ? ಮಗು ಸೆಟೆದುಹೋಗುತ್ತೆ!"

"ಅವಳನ್ನೇ ಕೇಳಿ."

"ನನ್ನ ಕಾಲಿಗೆ ಚಳಿ ಆಗಲ್ಲ, ಮಾಮ," ಎಂದಳು ಹುಡುಗಿ, ಗಲ್ಲ ಎತ್ತಿ. "ಮೂಗಿಗೆ ಮಾತ್ರ."

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅನ್ನುತ್ತಾರೆ. ಇಲ್ಲಿ ಮೊಂಡುತನವಂತೂ ಅಪ್ಪನ ಕಡೆಯಿಂದಲೇ ಬಂದಿತ್ತು.

ನಾಳೆ ಶಾಲೆಯ ಮಕ್ಕಳೆಲ್ಲ ನದಿ ನೋಡಲು ಹೊರಡಲಿದ್ದರು. ಇವಳು ಬೇಡ ಎಂದಿದ್ದರು ಮೇಷ್ಟ್ರು. ಇವಳೊಬ್ಬಳಿಂದ ಎಲ್ಲರಿಗೂ ತೊಂದರೆಯಂತೆ. ಯಾರ ಕೈಯನ್ನೂ ಹಿಡಿಯದೆ, ಈ ಕೆರೆಯ ನೀರಿನಲ್ಲೇ ದೋಣಿಕಟ್ಟೆಯ ತನಕ ಹೋಗಿಬಂದರೆ ನಾಳೆ ಬೆಳಿಗ್ಗೆ ಮೇಷ್ಟ್ರನ್ನು ತಾನೇ ಕೇಳುತ್ತೇನೆ ಎಂದು ಅಪ್ಪ ಮಾತು ಕೊಟ್ಟಿದ್ದ.

ಬೆಂಚಿನ ಮೇಲಿದ್ದ ಚೀಲದ ಬಾಯಿ ತೆರೆದಿತ್ತು. ಒಳಗೆ ಸ್ಕ್ರೂಡ್ರೈವರ್, ಉಪ್ಪುಕಾಗದ, ಮರ ಉಜ್ಜುವ ಒಂದು ಚೂಪು ಅರ.

"ಇದೆಲ್ಲ ಏನು?"

"ನಾನು ಬಡಗಿ."

"ಪಾರ್ಕಿಗೆ ಬರೋನಿಗೆ ಅರ ಯಾಕೆ?"

"ಬೇಕಾಗಬಹುದು."

ಕಾವಲುಗಾರ ಹಿಂದೆ ಸರಿದ. ಫೋನು ತೆಗೆದ. "ಪೊಲೀಸರನ್ನ ಕರೀತೀನಿ."

"ಕರೀರಿ. ಅವರು ಬರೋಷ್ಟರಲ್ಲಿ ಇವಳು ಕಟ್ಟೆ ಮುಟ್ಟಿರ್ತಾಳೆ. ನಡಿ, ಪುಟ್ಟಿ!"

ಪುಟ್ಟಿ ನಡೆದಳು. ನಿಧಾನವಾಗಿ, ಎಣಿಸಿಟ್ಟಂಥ ಹೆಜ್ಜೆ. ಕಟ್ಟೆ ಇನ್ನೇನು ಸಿಕ್ಕಿತು ಎನ್ನುವಾಗ ಪಾಚಿಗಲ್ಲಿನ ಮೇಲೆ ಜಾರಿ ಧೊಪ್ಪನೆ ಬಿದ್ದಳು. ಕಾವಲುಗಾರ ಮುಂದೆ ಹಾರಿದ. ಅಪ್ಪ ಅಡ್ಡ ಕೈ ಚಾಚಿದ.

"ಎತ್ತಬೇಡಿ. ತಾನೇ ಏಳ್ತಾಳೆ."

ಮಾತು ಗಟ್ಟಿಯಾಗಿತ್ತು, ಆದರೆ ತಾನು ಬೆಂಚಿನ ತುದಿಗೆ ಸರಿದು ಕೂತಿದ್ದ.

ಹುಡುಗಿ ಎರಡೂ ಕೈ ಕೆಸರಿಗೆ ಊರಿ, ತುಟಿ ಕಚ್ಚಿ, ಎದ್ದಳು. "ಬೀಳಬಾರ್ದು ಅಂತ ಮಾತಾಗಿರ್ಲಿಲ್ಲ!" ಎಂದು ಕೂಗಿ ಕಟ್ಟೆಯ ಕಂಬಕ್ಕೆ ಫಟ್ಟನೆ ಹೊಡೆದಳು. ಹೋದ ದಾರಿಯಲ್ಲೇ ಮರಳಿ ಬಂದು ಬೆಂಚಿನ ಮೇಲೆ ಕೂತಳು. ಅಪ್ಪ ಸಂಕೋಚವಿಲ್ಲದೆ ಅಳುತ್ತಿದ್ದ.

ಕಾವಲುಗಾರನಿಗೆ ತಡೆಯಲಾಗಲಿಲ್ಲ. ತನ್ನ ಮಫ್ಲರನ್ನೇ ಬಿಚ್ಚಿ ಕೊಟ್ಟ. "ಮೊದ್ಲು ಆ ಬೂಟು ತೆಗಿ ತಾಯಿ. ಕಾಲು ಒರೆಸ್ಕೋ."

ಹುಡುಗಿ ಪ್ಯಾಂಟು ಮೇಲೆ ಸರಿಸಿ, ಮಂಡಿಯ ಕೆಳಗಿನ ಪಟ್ಟಿಗಳನ್ನು ಬಿಚ್ಚಿ, ಬೂಟುಗಳ ಸಮೇತ ಎರಡೂ ಕಾಲುಗಳನ್ನು ಕಳಚಿ ಅಪ್ಪನ ಮಡಿಲಲ್ಲಿ ಇಟ್ಟಳು: "ಎಡಗಾಲು ಬಿಗಿ ಆಗುತ್ತೆ, ಅರದಲ್ಲಿ ಸ್ವಲ್ಪ ಉಜ್ಜಪ್ಪಾ. ನಾಳೆ ನದೀಲಿ ಓಡ್ಬೇಕು."