ಶತ್ರುವಿನ ತಾಯಿತ

ತನ್ನ ಗುಂಡಿಗೆ ಸತ್ತ ಶತ್ರು ಸೈನಿಕನ ಕೊರಳಿನಿಂದ ಬಿಚ್ಚಿಕೊಂಡಿದ್ದ ಬೆಳ್ಳಿ ತಾಯಿತವನ್ನು ಅವನ ಮನೆಯವರಿಗೆ ಒಪ್ಪಿಸುವ ತನಕ ಹವಲ್ದಾರ್ ಉತ್ತಯ್ಯನಿಗೆ ನೆಮ್ಮದಿಯಿರಲಿಲ್ಲ. ಸೈನ್ಯದಿಂದ ನಿವೃತ್ತನಾದವನೇ ಗಡಿ ದಾಟಿ, ತಾಯಿತದ ಮೇಲೆ ಕೆತ್ತಿದ್ದ ಹೆಸರು ಹಿಡಿದು ಊರು ಕೇರಿ ವಿಚಾರಿಸಿಕೊಂಡು, ಆ ಮನೆಯ ಬಾಗಿಲು ತಟ್ಟಿದ.

ಗಡಿಯಾಚೆಯಿಂದ ಬಂದೆನೆಂದು ಹೇಳಿ ಅವನು ಚಾಚಿದ ತಾಯಿತವನ್ನು ಕಂಡು, ಬಾಗಿಲು ತೆರೆದ ಮುದುಕಿ ಅವನ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಳು.

"ನನ್ನ ಮಗನದು! ಐದು ವರ್ಷದಿಂದ ಅವನ ಸುಳಿವೇ ಇಲ್ಲ. ನಿಮ್ಮ ಜೈಲಿನಲ್ಲಿದ್ದಾನಾ? ಹೇಳಪ್ಪಾ, ಬದುಕಿದ್ದಾನೆ ತಾನೆ?"

ಉತ್ತಯ್ಯ ಕೈ ಬಿಡಿಸಿಕೊಳ್ಳಲು ನೋಡಿದ. ಅವಳು ಬಿಡಲಿಲ್ಲ.

"ಬಾಯಿಬಿಟ್ಟು ಹೇಳು, ಮಗಾ!"

"ಹ್ಞೂಂ... ಇದ್ದಾನಮ್ಮಾ. ಇದನ್ನು ಅವನೇ ಕೊಟ್ಟು ಕಳಿಸಿದ."

ಮುದುಕಿ ಅಳುತ್ತಲೇ ನಗುತ್ತ ಒಳಮನೆಯತ್ತ ತಿರುಗಿ ಕೂಗಿದಳು:

"ಖಾಜಿ ಸಾಹೇಬರೇ, ನಿಕಾಹ್ ನಿಲ್ಲಿಸಿ! ನನ್ನ ಸೊಸೆಯ ಗಂಡ ಬದುಕಿದ್ದಾನೆ!"