ಹಳೇ ಕಬ್ಬಿಣ

ಶ್ರೀಪಾದರಾಯರಿಗೆ ಮಡಚುವ ಚಾಕು ಕೂಡಿಡುವ ಹುಚ್ಚು. ಕೈಯಲ್ಲೇ ಮಾಡಿದ್ದಾಗಬೇಕು, ಅಂಥದು ಇನ್ನೊಂದಿರಬಾರದು. ಅವರ ಹೆಂಡತಿ ಇಪ್ಪತ್ತು ವರ್ಷದಲ್ಲಿ ಒಂದು ಚಾಕುವನ್ನೂ ಅವರ ಕೈಗೆ ಕೊಟ್ಟವಳಲ್ಲ. "ಕೈಯಿಂದ ಕೈಗೆ ಕೊಟ್ರೆ ಜಗಳ ಆಗುತ್ತೆ ಕಣ್ರೀ" ಎಂದು ಮೇಜಿನ ಮೇಲಿಡುವಳು. ರಾಯರು ನಗುತ್ತ ಎತ್ತಿಕೊಳ್ಳುವರು.

ಇವತ್ತು ಹೊಸದೊಂದು ಬಂದಿತ್ತು. ಅವಳು ಬಿಡಿಸಿ ನೋಡಿದಳು.

"ಅಲಗು ಚೆನ್ನಾಗಿದೆ. ಎಲ್ಲಿ ಸಿಕ್ತು?"

"ನಮ್ಮ ಕಮ್ಮಾರನೇ ಮಾಡಿಕೊಟ್ಟ. ಇಂಥಾ ಹಳೇ ಕಬ್ಬಿಣ ಈಗ ಹುಡುಕಿದ್ರೂ ಸಿಗಲ್ವಂತೆ."

"ಅವನಿಗೆಲ್ಲಿ ಸಿಕ್ತಂತೆ?"

"ನಾನೇ ಕೊಟ್ಟೆ. ಅಟ್ಟದಲ್ಲಿತ್ತಲ್ಲ ನಿಮ್ಮಮ್ಮನ ಈಳಿಗೆಮಣೆ, ಅದರದ್ದು. ಮಣೆ ಹಾಗೇ ಇದೆ."

ಅವಳು ಅಲಗನ್ನು ಇನ್ನೊಮ್ಮೆ ನೋಡಿದಳು.

"ಎಲ್ಲಿ, ಕೊಡಿಲ್ಲಿ" ಎಂದು ರಾಯರು ಕೈಚಾಚಿದರು.

ಅವಳು ಮೇಜಿನ ಕಡೆ ನೋಡದೆ, ಚಾಕುವನ್ನು ಅವರ ಅಂಗೈಗೇ ಕೊಟ್ಟಳು.